ಮೋಟಾರು ಓಡಿದ ದಿನಗಳು

"ಹಲೋ? ಯಾರು ಮಾತಾಡ್ತಿರೋದು?… ಹಾಂ?… ಸ್ವಲ್ಪ ಜೋರಾಗಿ ಮಾತಾಡಿ, ಇಲ್ಲಿ ಎಂಟು ಮಿಷಿನ್ ಓಡ್ತಿವೆ… ಯಾರಂದ್ರಿ?… ಓ, ನೀನಾ. ಮೊದ್ಲೇ ಹೇಳೋಕೇನಾಗಿತ್ತು? ಯಾರೋ ಗಿರಾಕಿ ಅಂದ್ಕೊಂಡು ಬಾಯ್ತುಂಬ ಬಹುವಚನ ಹಾಕಿ ಮಾತಾಡ್ಬಿಟ್ಟೆ…"

ದೊಡ್ಡಕ್ಕ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮತ್ತೆ ಬಟ್ಟೆಯ ಮೇಲೆ ಬಾಗಿದಳು. ಕಟಿಂಗ್ ಮೇಜಿನ ಮೇಲೆ ನೀಲಿ ಬಟ್ಟೆ ಹನ್ನೆರಡು ಪದರವಾಗಿ ಹಾಸಿತ್ತು. ಆಸ್ಪತ್ರೆಯ ದಾದಿಯರ ಯೂನಿಫಾರ್ಮು, ನಾಡಿದ್ದು ಕೊಡಬೇಕು. ಇದನ್ನು ಕತ್ತರಿಸಬೇಕಾದವನು ಅವಳ ತಮ್ಮ, ಅಂಗಡಿಯ ಕಟಿಂಗ್ ಮಾಸ್ಟರ್. ಅವನು ಎರಡು ದಿನದಿಂದ ಪತ್ತೆಯಿಲ್ಲ. ಈಗ ಫೋನು ಮಾಡಿರುವುದು ಅವನ ಹೆಂಡತಿ. ಹಾಗಾಗಿ ಬೈಯಲು ದೊಡ್ಡಕ್ಕನ ಹತ್ತಿರ ಬೇಕಾದಷ್ಟು ಸರಕು ಸಿದ್ಧವಿತ್ತು.

"ಹಾಂ, ಹೇಳು. ಯಾಕೆ ಪಿಸುಗುಡ್ತೀಯಾ? ಯಾರ ಮನೆ ಗೋಡೆ ಹಾರೋಕೆ ಹೋಗಿದೀಯಾ?… ಆಸ್ಪತ್ರೇಲಾ? ಯಾರಿಗೇನಾಯ್ತು?… ಓಹೋ. ಮನಸ್ಸಿನ ಡಾಕ್ಟರ ಹತ್ರ. ಅಂತೂ ಹಠ ಸಾಧಿಸ್ದೆ. ಮಹಾರಾಜರೂ ಜೊತೇಲಿ ಬಂದಿದಾರಾ?… ಎದುರಿನ ಬೆಂಚ್ ಮೇಲೆ ಕೂತಿದಾನಾ. ಕೂತಿದಾನೆ ಅನ್ನೋದೇ ದೊಡ್ಡ ಸುದ್ದಿ ಬಿಡು. ಹೋದ ವಾರವೆಲ್ಲ ಅಂಗಡೀಲಿ ಅವನು ಒಂದು ನಿಮಿಷ ಕೂತಿದ್ದು ನಾನಂತೂ ನೋಡಿಲ್ಲ… ಏನು, ಚಾರ್ಜ್ ಕಮ್ಮಿ ಇದೆಯಾ? ಹಾಗಾದ್ರೆ ಸುತ್ತಿ ಬಳಸಿ ಹೇಳ್ಬೇಡ, ನೇರ ಹೇಳು…"

"ನಾನ್ಯಾಕೆ ಬರ್ಬೇಕು?… ಡಾಕ್ಟರಿಗೆ ನನ್ನ ಹತ್ರ ಏನು ಕೆಲಸ? ನನ್ನ ತಲೆ ನೆಟ್ಟಗಿದೆ… ಚಿಕ್ಕಂದಿನಿಂದ ನೋಡಿದವರು ಬೇಕಂತಾ. ನೀನು ಎರಡು ವರ್ಷದಿಂದ ನೋಡ್ತಿದೀಯಲ್ಲ, ಸಾಲ್ದಾ? ಎರಡೇ ದಿನದಲ್ಲಿ ಗೊತ್ತಾಗುತ್ತೆ ಅವನು ಎಂಥಾ ಸೋಮಾರಿ ಅಂತ… ಒಂದು ಗಂಟೆಗೆ ಡಾಕ್ಟರ್ ಎದ್ದು ಹೋಗ್ತಾರಾ. ಆಮೇಲೆ?… ಮುಂದಿನ ವಾರ ಬರ್ತಾರಾ. ಹಾಗಾದ್ರೆ ಮುಂದಿನ ವಾರವೇ ಆಗ್ಲಿ. ಅವನ ಸೋಮಾರಿತನಕ್ಕೆ ಮೂವತ್ತಾರು ವರ್ಷ ವಯಸ್ಸು, ಇನ್ನೊಂದು ವಾರಕ್ಕೆ ಮುದಿಯಾಗಲ್ಲ…"

ಗೋಡೆಯ ಗಡಿಯಾರ ಹನ್ನೆರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಮೂಲೆಯಲ್ಲಿ ಕಾಜಾ-ಬಟನ್ ಮಾಡುವ ಅಜ್ಜಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ, ಕಿವಿಯನ್ನು ಈ ಕಡೆ ಬಿಟ್ಟಿದ್ದಳು. ದೊಡ್ಡಕ್ಕನ ಫೋನು ಅಂದರೆ ಅಂಗಡಿಯವರಿಗೆಲ್ಲ ರೇಡಿಯೊ ಇದ್ದ ಹಾಗೆ. ಆ ಕಡೆಯ ಮಾತು ಕೇಳಿಸದಿದ್ದರೂ ಯಾರಿಗೂ ಏನೂ ತಪ್ಪಿಹೋಗುತ್ತಿರಲಿಲ್ಲ.

"ಡಾಕ್ಟರ್ ಅವನನ್ನ ನೋಡಿದ್ರಾ ಇಲ್ವಾ?… ನೋಡಿದ್ರಾ. ಏನಂದ ಅವರ ಹತ್ರ?… ನಗ್ತಾ ನಗ್ತಾ 'ಏನಿಲ್ಲ ಸಾರ್, ಸ್ವಲ್ಪ ಸುಸ್ತು' ಅಂದ್ನಾ. ನೋಡಿದ್ಯಾ, ನಿನಗಿಂತ ಅವನೇ ಸತ್ಯ ಹೇಳಿದಾನೆ… ಸರಿ, ಹಳೇ ಮಾತ್ರೆ ಮುಂದುವರಿಸಿ ಅಂತ ಬರ್ಕೊಡ್ತಾರಂತಾ. ಒಳ್ಳೇದಾಯ್ತಲ್ಲ, ತಗೊಂಡು ಮನೆಗೆ ಹೋಗಿ… ಹಾಂ?… ಹಳೇ ಕಥೆ ಗೊತ್ತಿರೋರು ಬಂದು ಹೇಳಿದ್ರೆ ಬೇರೆ ಯೋಚನೆ ಮಾಡ್ತಾರಾ? ಎಂಥಾ ಬೇರೆ ಯೋಚನೆ?… ಏನೋ ಪೋಲಾರ್ ಅಂದ್ಯಲ್ಲ, ಇನ್ನೊಂದ್ಸಲ ಹೇಳು… ಬೈಪೋಲಾರ್. ಏನು ಹಾಗಂದ್ರೆ?… ಒಂದಷ್ಟು ದಿನ ಮೇಲೆ, ಒಂದಷ್ಟು ದಿನ ಕೆಳಗೆ. ಅಷ್ಟೇನಾ? ಬಸ್ಸಲ್ಲಿ ಕೂತೋರೆಲ್ಲ ಹಾಗೇ ಅಲ್ವಾ…"

ತನ್ನ ಮಾತಿಗೆ ತಾನೇ ನಕ್ಕು ದೊಡ್ಡಕ್ಕ ಚಾಕ್‌ಪೀಸಿನಿಂದ ಒಂದು ತೋಳಿನ ಗೆರೆ ಎಳೆದಳು. ಗೆರೆ ಸ್ವಲ್ಪ ಸೊಟ್ಟಗಾಯಿತು. ತಮ್ಮನಾದರೆ ಕಣ್ಣು ಮುಚ್ಚಿಕೊಂಡು ಎಳೆಯುತ್ತಿದ್ದ. ಅದು ನೆನಪಾಗಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಏನು ಪಟ್ಟಿ?… ಅಲ್ಲೇ ಗೋಡೆ ಮೇಲೆ ಅಂಟಿಸಿದಾರಾ. ಓದು, ಕೇಳೋಣ. ಪುಕ್ಕಟೆ ಮನರಂಜನೆ… ನಿದ್ದೆ ಮಾಡದಿದ್ರೂ ಸುಸ್ತಾಗದೆ ಇರೋದು. ಹಾಂ. ನನಗೂ ನಿದ್ದೆ ಬರಲ್ಲ. ನಮ್ಮ ಬೀದಿ ಕಾವಲುಗಾರನಿಗೂ ಬರಬಾರದು, ಬರುತ್ತೆ, ಅದು ಬೇರೆ ವಿಷಯ. ಮುಂದೆ?… ಬಿಡುವಿಲ್ಲದೆ ಮಾತಾಡೋದು. ಅದು ಕಾಯಿಲೆಯಾದ್ರೆ ನಿಮ್ಮಮ್ಮನ್ನೂ ಕರ್ಕೊಂಬಂದು ಅದೇ ಬೆಂಚಲ್ಲಿ ಕೂರಿಸು. ಮುಂದೆ?… ತಾನು ಏನು ಬೇಕಾದ್ರೂ ಮಾಡಬಲ್ಲೆ ಅಂದ್ಕೊಳ್ಳೋದು. ಗಂಡಸರೆಲ್ಲ ಹಾಗೇ ತಾಯಿ, ಅದಕ್ಕೂ ಪಟ್ಟಿ ಬೇಕಾ? ಮುಂದೆ?… ಒಂದರ ಮೇಲೊಂದು ಕೆಲಸ ಹಚ್ಕೊಳ್ಳೋದು. ಇದನ್ನ ಬರ್ದವನು ಯಾವ ಸೋಮಾರಿನೋ. ಕೆಲಸ ಮಾಡೋದೂ ಕಾಯಿಲೆ ಆಗ್ಹೋಯ್ತಾ ಈ ಕಾಲದಲ್ಲಿ…"

"ಇರು, ಇರು, ನಾನು ಹೇಳ್ತೀನಿ ಕೇಳು. ಅವನು ಮಲಗಿದ್ದಾಗ ಕರ್ಕೊಂಡು ಹೋದೆ, ಒಪ್ತೀನಿ. ಎರಡು ತಿಂಗಳ ಹಿಂದೆ, ಅಲ್ವಾ? ಗೋಡೆ ಕಡೆ ಮುಖ ಮಾಡ್ಕೊಂಡು, ಸ್ನಾನ ಇಲ್ಲ, ಮಾತಿಲ್ಲ, ಹಾಸಿಗೇಲೇ ಬೇರು ಬಿಟ್ಟಿದ್ದ. ಆಗ ಮಾತ್ರೆ ಕೊಟ್ರು, ಎದ್ದ. ಮೂರೇ ವಾರ. ಎದ್ದವನು ಐದು ವಾರದಿಂದ ನಿಂತಿಲ್ಲ. ಒಳ್ಳೇ ಮಾತ್ರೆ ಕಣೇ ಅದು, ನಾನೇ ಎಲ್ಲರ ಹತ್ರ ಹೇಳ್ಕೊಂಡು ಬಂದೆ… ಏನಂದೆ? ಎದ್ದದ್ದೇ ತೊಂದ್ರೆನಾ? ಮಲಗಿದ್ರೂ ತೊಂದ್ರೆ, ಎದ್ರೂ ತೊಂದ್ರೆ. ಮತ್ತೆ ಹೇಗಿರ್ಬೇಕಮ್ಮ ಅವನು, ಬಗ್ಗಿ ನಿಂತಿರ್ಬೇಕಾ?…"

ಅಂಗಡಿಯಲ್ಲಿ ತಮ್ಮನಿಗೆ ಮೋಟಾರು ಅಂತಲೇ ಹೆಸರು. ಇಟ್ಟವರು ಹೊಲಿಗೆಯವರು. ಕೆಲವು ವಾರ ಅವನು ಬೆಳಗಾಗುವ ಮೊದಲೇ ಬಂದು ಶಟರ್ ತೆಗೆದು, ಊಟ ಮರೆತು, ಒಂದು ಕೈಯಲ್ಲಿ ಕತ್ತರಿ ಇನ್ನೊಂದರಲ್ಲಿ ಚಾಕ್‌ಪೀಸು ಹಿಡಿದು, ಎಂಟು ಮಿಷಿನ್ನಿಗೂ ಸಾಕಾಗುವಷ್ಟು ಬಟ್ಟೆ ಕತ್ತರಿಸಿ ರಾಶಿ ಹಾಕುತ್ತಿದ್ದ. ಆಗ ಹೊಲಿಗೆಯವರು 'ಮೋಟಾರು ಆನ್ ಆಯ್ತು' ಅನ್ನುತ್ತಿದ್ದರು. ದೊಡ್ಡಕ್ಕ ಅದನ್ನು ಕೇಳಿದ ತಕ್ಷಣ ಶಾಲೆಗಳಿಗೂ ಕಾವಲು ಕಂಪನಿಗಳಿಗೂ ಫೋನು ಮಾಡಿ, ಬೇಡ ಅಂದಿದ್ದ ಆರ್ಡರುಗಳನ್ನೂ ಒಪ್ಪಿಕೊಳ್ಳುತ್ತಿದ್ದಳು. ಮೋಟಾರು ಓಡುವಾಗ ಓಡಿಸಿಕೊಳ್ಳುವುದು, ನಿಂತಾಗ ಬೈಯುವುದು. ಅಂಗಡಿ ನಡೆದುಕೊಂಡು ಬಂದದ್ದೇ ಹೀಗೆ. ಅವನು ಓಡುವ ದಿನಗಳೇ ಅವನ ಆರೋಗ್ಯ, ಮಲಗುವ ದಿನಗಳು ಅವನ ಕೊಬ್ಬು ಎನ್ನುವುದರಲ್ಲಿ ಅವಳಿಗೆ ಯಾವತ್ತೂ ಅನುಮಾನ ಬಂದಿರಲಿಲ್ಲ.

"ಏನು ಮಾಡಿದಾನೆ ಅಂತ ಇಷ್ಟು ಗಾಬರಿ ನಿನಗೆ?… ಹನ್ನೊಂದು ಹಳೇ ಮಿಷಿನ್ ತಂದು ಮನೇಲಿ ತುಂಬಿದಾನೆ, ಗೊತ್ತು. ಹೇಳಿದ್ಯಲ್ಲ ಮೊನ್ನೆ… ಬೀದೀಲಿರೋ ಎಲ್ಲರ ಮನೆ ಕಿಟಕಿಗೂ ಪರದೆ ಹೊಲಿದುಕೊಡ್ತೀನಿ ಅಂತ ಅಳತೆ ತಗೊಂಡು ಬಂದನಾ? ಕರೀದೆ? ಮನೆಮನೆಗೆ ನುಗ್ಗಿ?… ಬಚ್ಚಲು ಕಿಟಕೀಗೂ? ಅಯ್ಯೋ ಪುಣ್ಯಾತ್ಮ. ಬೈಸ್ಕೊಂಡಿರ್ತಾನೆ ಚೆನ್ನಾಗಿ… ಆರು ದಿನದಿಂದ ಮಲಗೇ ಇಲ್ವಾ. ನಿನ್ನೆ ಮಧ್ಯಾಹ್ನದಿಂದ ಅಳ್ತಿದಾನಾ. ಹಾಂ, ನನಗೂ ಫೋನ್ ಮಾಡಿ ಅತ್ತ. ದಾದಿಯರ ಬಟ್ಟೆ ಬಿಟ್ಟು ಹೋಗಿ ಅಳ್ತೀಯಾ, ನಾಟಕದವರ ಜೊತೆ ಸೇರ್ಕೋ, ನಿನ್ನಂಥೋರು ಬೇಕು ಅವರಿಗೆ ಅಂದೆ. ಇಟ್ಬಿಟ್ಟ ಫೋನು…"

"ನನಗೆ ಅವನ ನಾಟಕ ಹೊಸದಲ್ಲಮ್ಮ. ನೀನು ನೋಡಿರೋದು ಒಂದು ಆಟ. ನಾನು ಹತ್ತು ನೋಡಿದೀನಿ. ಹದಿನಾರು ವರ್ಷದಲ್ಲಿ ಎಲ್ಲಿಂದಲೋ ಒಂದು ತುತ್ತೂರಿ ತಂದ. ಒಂದು ವಾರ ಹಗಲೂ ರಾತ್ರಿ ಊದಿದ. ಜಗತ್ತಿನಲ್ಲಿ ತನ್ನಂಥ ತುತ್ತೂರಿಯವನು ಹುಟ್ಟೇ ಇಲ್ಲ ಅಂದ. ಪಕ್ಕದ ಮನೆಯವರು ಕಲ್ಲು ಹೊಡೆದ್ರು. ಆಮೇಲೆ ತುತ್ತೂರಿ ಅಟ್ಟದ ಮೇಲೆ, ಇವನು ಮಂಚದ ಕೆಳಗೆ… ಹೌದು, ಕೆಳಗೇ. ಎರಡು ತಿಂಗಳು. ಊಟದ ತಟ್ಟೆ ನೆಲದ ಮೇಲೆ ತಳ್ತಿದ್ವಿ, ನಾಯಿಗೆ ತಳ್ಳೋ ಹಾಗೆ. ಪರೀಕ್ಷೆ ತಪ್ಪಿಸ್ಕೊಳ್ಳೋಕೆ ಮಾಡಿದ ಉಪಾಯ ಅದು…"

"ಪರೀಕ್ಷೆ ಮುಗಿದ ಮೇಲೂ ಯಾಕೆ ಮಲಗಿದ್ದ ಅಂದ್ರೆ ನಾನೇನು ಹೇಳ್ಲಿ? ಅಭ್ಯಾಸ ಆಗಿತ್ತು ಅಂತ ಕಾಣುತ್ತೆ…"

ಈ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಕತ್ತರಿ ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟಳು.

"ಇನ್ನೊಂದು ಕೇಳು, ಜೇಬಿನ ಕಥೆ. ಮದುವೆಗೆ ಮುಂಚೆ ಆದದ್ದು, ನಿನಗೆ ಅವನು ಹೇಳಿರಲ್ಲ. ಶಾಲೆಯವರ ಇನ್ನೂರು ಅಂಗಿ ಆರ್ಡರ್ ಇತ್ತು. ಮೋಟಾರು ಆನ್ ಆಗಿತ್ತಲ್ಲ, ನಾನು ಖುಷಿಯಾಗಿ ಮನೆಗೆ ಹೋಗಿ ಮಲಗಿದೆ. ಬೆಳಿಗ್ಗೆ ಬಂದು ನೋಡಿದ್ರೆ ಇನ್ನೂರು ಅಂಗಿಗೂ ಕತ್ತರಿ ಆಗಿದೆ, ಒಂದೊಂದಕ್ಕೆ ಒಂಬತ್ತು ಜೇಬು. ಎದೆ ಮೇಲೆ, ತೋಳ ಮೇಲೆ, ಬೆನ್ನ ಮೇಲೆ. ಏನೋ ಇದು ಅಂದ್ರೆ, ಮಕ್ಕಳಿಗೆ ಒಂಬತ್ತು ವಿಷಯ ಅಲ್ವಾ ಅಕ್ಕ, ಒಂದೊಂದಕ್ಕೆ ಒಂದೊಂದು ಜೇಬು, ಇನ್ಮೇಲೆ ಯಾರೂ ಚೀಲ ಹೊರಬೇಕಾಗಿಲ್ಲ ಅಂದ. ಹೆಡ್‌ಮಾಸ್ಟರ ಹತ್ರ ತಾನೇ ಹೋಗಿ ಮೂರು ಗಂಟೆ ಹೊತ್ತು ವಿವರಿಸಿದ. ಅವರು ಮುಂದಿನ ವರ್ಷದಿಂದ ಬೇರೆ ಅಂಗಡಿ ನೋಡ್ಕೊಂಡ್ರು. ನಗ್ತೀಯಾ? ನಗು. ಕಣ್ಣಲ್ಲಿ ಎಂಥಾ ಹೊಳಪಿತ್ತು ಅಂತೀಯಾ ಅವತ್ತು… ನಗ್ಲಿಲ್ವಾ? ಮತ್ತೆ ಏನದು ಸದ್ದು?… ಬರ್ಕೊಳ್ತಿದೀಯಾ?"

ದೊಡ್ಡಕ್ಕ ಫೋನನ್ನು ಭುಜದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನಾನು ಬೈದಿದ್ದನ್ನೆಲ್ಲ ಬರ್ಕೊಳ್ತಿದೀಯಾ? ಯಾಕೆ, ಕೋರ್ಟಿಗೆ ಹಾಕ್ತೀಯಾ?… ಡಾಕ್ಟರಿಗೆ ತೋರಿಸೋಕಾ. ಭಾಳ ಜಾಣೆ ನೀನು. ಪಿಸುಗುಡ್ತಾ ಪಿಸುಗುಡ್ತಾ ನನ್ನ ಬಾಯಿಂದಲೇ ಎಲ್ಲ ತೆಗೆದ್ಯಲ್ಲ. ಸರಿ, ಬರ್ಕೋ. ಸೋಮಾರಿ ಅಂತ ದೊಡ್ಡಕ್ಷರದಲ್ಲಿ ಬರ್ಕೋ… ಇನ್ನೇನು ಕೇಳ್ಬೇಕಂತೆ?… ಮನೇಲಿ ಬೇರೆ ಯಾರಿಗಾದ್ರೂ ಇತ್ತಾ ಅಂತಾನಾ?… ಇಲ್ಲ… ಇಲ್ಲ ಅಂದೆನಲ್ಲ. ನಮ್ಮ ಮನೇಲಿ ಯಾರಿಗೂ ಅಂಥಾದ್ದಿಲ್ಲ…"

"ಅಪ್ಪನಿಗೆ ಏನಾಗಿತ್ತು ಅಂದ್ರೆ? ಅಪ್ಪನಿಗೆ ಏನೂ ಆಗಿರ್ಲಿಲ್ಲ. ಹೊಸ ಬಟ್ಟೆ ಹೊಲಿಯೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸ್ತೀವಲ್ಲ, ಆಮೇಲೆ ಕುಗ್ಗಬಾರದು ಅಂತ. ಹಾಗೆ ಒಣಹಾಕೋಕೆ ಮಹಡಿ ಮೇಲೆ ಹೋದವರು ಕಾಲು ಜಾರಿ ಬಿದ್ರು. ನಿನ್ನ ಗಂಡನಿಗೆ ಆಗ ಹದಿನಾಲ್ಕು, ನನಗೆ ಇಪ್ಪತ್ತೆರಡು. ಕೆಲಸ ಮಾಡ್ತಾ ಮಾಡ್ತಾ ಹೋದ ಜೀವ ಅದು. ಅವರ ಹೆಸರನ್ನ ಆ ಕಾಗದದಲ್ಲಿ ಬರೀಬೇಡ… ಹೂಂ. ಹೂಂ. ಸರಿ…"

ಕಾಜಾ ಅಜ್ಜಿ ದಾರ ಪೋಣಿಸುವುದನ್ನು ನಿಲ್ಲಿಸಿ ತಲೆ ತಗ್ಗಿಸಿದಳು. ಅಪ್ಪನ ಕಾಲದಿಂದ ಈ ಅಂಗಡಿಯಲ್ಲಿದ್ದವಳು ಅವಳೊಬ್ಬಳೇ.

"ಯಾವ ವರ್ಷ, ಯಾವ ತಿಂಗಳು ಅಂತ ಬೇಕಾ? ಅದೆಲ್ಲ ನನಗೆ ಬಾಯಿಪಾಠ ಇರುತ್ತಾ?… ಡಾಕ್ಟರ್ ಕೇಳ್ತಾರಾ. ಡಾಕ್ಟರಿಗೇನು, ಕೂತಲ್ಲೇ ಕೇಳ್ತಾರೆ. ಇರು, ರಟ್ಟು ನೋಡಿ ಹೇಳ್ತೀನಿ. ಅವನು ಎಷ್ಟು ಕೆಲಸ ಮಾಡಬಲ್ಲ ಅನ್ನೋದೂ ಆ ಡಾಕ್ಟರಿಗೆ ಗೊತ್ತಾಗ್ಲಿ. ಕಾಯಿಲೆಯವನು ಹಾಗೆ ಕೆಲಸ ಮಾಡ್ತಾನಾ ಅಂತ ಕೇಳು ಅವರನ್ನ…"

ಆ ಅಂಗಡಿಯಲ್ಲಿ ಅಪ್ಪ ಮಾಡಿಟ್ಟ ಒಂದು ಪದ್ಧತಿ ಇತ್ತು. ಹೊಸ ಅಳತೆ ಬಂದರೆ ಕಟಿಂಗ್ ಮಾಸ್ಟರ್ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಬೇಕು, ಆಮೇಲೆ ಬಟ್ಟೆ. ರಟ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ತೂತು ಹೊಡೆದು, ಗೋಡೆಯ ಉದ್ದ ಕೊಕ್ಕೆಗೆ ಸಿಕ್ಕಿಸಬೇಕು. ಹೊಸದು ಮುಂದೆ, ಹಳೆಯದು ಹಿಂದೆ. ಒಂದನ್ನೂ ಎಸೆಯುವಂತಿಲ್ಲ. ವರ್ಷಗಟ್ಟಲೆ ಎಲ್ಲರೂ ಆ ರಟ್ಟುಗಳನ್ನು ಅಳತೆಗಾಗಿ ನೋಡಿದ್ದರು. ತಾರೀಖನ್ನು ಯಾರೂ ನೋಡಿರಲಿಲ್ಲ.

ದೊಡ್ಡಕ್ಕ ಇಡೀ ಕೊಕ್ಕೆಯನ್ನೇ ಕಿತ್ತು ನೀಲಿ ಬಟ್ಟೆಯ ಮೇಲೆ ಹಾಕಿದಳು. ಧೂಳು ಎದ್ದಿತು.

"ಬರ್ಕೋ. ಹೋದ ತಿಂಗಳು, ಹದಿನೆಂಟು. ಹದಿನೆಂಟು. ಹದಿನೆಂಟು. ಹತ್ತೊಂಬತ್ತು, ಹತ್ತೊಂಬತ್ತು. ಇಪ್ಪತ್ತು, ನಾಲ್ಕು ರಟ್ಟು. ನೋಡಿದ್ಯಾ? ಯಾವ ಮಾಸ್ಟರ್ ಕೈಲಾಗುತ್ತೆ ಇದು? ಅದಕ್ಕೆ ಹಿಂದಿಂದು… ಅದಕ್ಕೆ ಹಿಂದಿಂದು ನಾಲ್ಕು ತಿಂಗಳ ಹಿಂದಿಂದು. ಮಧ್ಯೆ ಮಲಗಿದ್ದ. ಸರಿ, ಜೇಬಿನ ವರ್ಷ ನೋಡ್ತೀನಿ. ಇಲ್ಲಿದೆ. ಮಾರ್ಚ್ ಮೂರು, ಮೂರು, ಮೂರು, ನಾಲ್ಕು, ನಾಲ್ಕು, ಐದು… ಹತ್ತು ದಿನದಲ್ಲಿ ಮೂವತ್ತೆರಡು. ಆಮೇಲೆ ಜುಲೈ. ಮಧ್ಯೆ ಮಲಗಿದ್ದ…"

"ಅದರ ಹಿಂದಿನ ವರ್ಷ. ಸೆಪ್ಟೆಂಬರ್ ಎಂಟು, ಎಂಟು, ಒಂಬತ್ತು, ಒಂಬತ್ತು, ಒಂಬತ್ತು. ಆಮೇಲೆ ಜನವರಿ. ಮಧ್ಯೆ ಮಲಗಿ… ಹಾಂ, ಮಲಗಿದ್ದ…"

"ಅದಕ್ಕೂ ಹಿಂದೆ. ಫೆಬ್ರವರಿ. ಒಂದೇ ದಿನ ಏಳು. ಆಮೇಲೆ ಜೂನ್…"

"ಇಲ್ಲ, ಇದೀನಿ. ಲೈನ್ ಇದೆ. ಎಣಿಸ್ತಿದೀನಿ…"

ಅವಳ ದನಿಯಲ್ಲಿದ್ದ ಖಾರ ಎಲ್ಲಿಗೋ ಹೋಗಿತ್ತು. ರಟ್ಟುಗಳು ಗುಂಪು ಗುಂಪಾಗಿ ಕೂತಿದ್ದವು: ಒಂದು ದಪ್ಪ ಕಟ್ಟು, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ, ಮತ್ತೊಂದು ದಪ್ಪ ಕಟ್ಟು. ಸೋಮಾರಿಯಾದವನು ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಹಾಕಿಕೊಂಡು ಸೋಮಾರಿಯಾಗುವುದಿಲ್ಲ ಅಂತ ಅವಳಿಗೆ ಮೊದಲ ಸಲ ಅನ್ನಿಸಿತು. ಅವಳು ಇನ್ನೂ ಹಿಂದಕ್ಕೆ ಹೋದಳು. ರಟ್ಟು ಹಳದಿಯಾಗುತ್ತ ಬಂತು, ಅಂಚು ಪುಡಿಯಾಗುತ್ತ ಬಂತು.

"ಇದೂ ಹಾಗೇ ಇದೆ. ಏಪ್ರಿಲ್ ಎರಡು, ಎರಡು, ಎರಡು, ಮೂರು, ಮೂರು… ಒಂದು ವಾರಕ್ಕೆ ಇಪ್ಪತ್ತು. ಆಮೇಲೆ ಆಗಸ್ಟ್ ತನಕ ಒಂದೂ ಇಲ್ಲ. ಮಧ್ಯೆ ಮಲಗಿದ್ದ… ಏನು? ಯಾವ ವರ್ಷ ಅಂದ್ಯಾ?…"

ದೊಡ್ಡಕ್ಕ ರಟ್ಟನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದಳು. ಇಪ್ಪತ್ತಮೂರು ವರ್ಷದ ಹಿಂದಿನದು. ಆಗ ತಮ್ಮನಿಗೆ ಹದಿಮೂರು, ಕತ್ತರಿ ಮುಟ್ಟಲೂ ಬಿಡುತ್ತಿರಲಿಲ್ಲ. ಎರಡರ ಅಂಕಿಯನ್ನು ಬಾತುಕೋಳಿಯ ಹಾಗೆ ಕತ್ತು ಬಗ್ಗಿಸಿ ಬರೆಯುತ್ತಿದ್ದವರು ಈ ಅಂಗಡಿಯಲ್ಲಿ ಒಬ್ಬರೇ. ಅದು ಅಪ್ಪನ ಕೈಬರಹ.

ಫೋನಿನಲ್ಲಿ ಆ ಕಡೆಯ ಹುಡುಗಿ ಎರಡು ಮೂರು ಸಲ ಹಲೋ ಅಂದಿರಬೇಕು.

"ಹಾಂ… ಇದೀನಿ ಕಣೇ. ಏನಿಲ್ಲ. ಏನೂ ಆಗಿಲ್ಲ. ಆ ರಟ್ಟು ಬೇರೆಯವರದ್ದು… ಬಿಡು. ಎಷ್ಟು ಗಂಟೆ ಈಗ? ಹನ್ನೆರಡು ಇಪ್ಪತ್ತೆಂಟು. ಅವನು ಏನು ಮಾಡ್ತಿದಾನೆ?… ಸುಮ್ಮನೆ ಕೂತಿದಾನಾ. ಅಳ್ತಿಲ್ವಾ. ಬೆಳಿಗ್ಗೆಯಿಂದ ಸಮಾಧಾನವಾಗಿದಾನಾ. ಒಳ್ಳೇದಾಯ್ತಲ್ಲ. ಗಡ್ಡ ತೆಗೆದುಕೊಂಡನಾ. ಹಾಂ… ಏನಂದೆ?…"

"ಏನಂದೆ? ಇನ್ನೊಂದ್ಸಲ ಹೇಳು… ಟೇಪು?… ಕತ್ತಿಂದ ತೆಗೆದು ನಿನ್ನ ಕೈಗೆ ಕೊಟ್ಟನಾ?… ಸುತ್ತಿ ಕೊಟ್ಟನಾ, ಹಾಗೇ ಕೊಟ್ಟನಾ? ನೆನಪು ಮಾಡ್ಕೊಂಡು ಹೇಳು… ಅವನೇ ಸುತ್ತಿ, ಪಿನ್ನು ಹಾಕಿ. 'ನೀನಿಟ್ಕೋ, ಇನ್ನು ನನಗೆ ಬೇಡ' ಅಂದ್ನಾ…"

ಕಟಿಂಗ್ ಮಾಸ್ಟರುಗಳು ಅಳತೆ ಟೇಪನ್ನು ಕತ್ತಿನಿಂದ ತೆಗೆಯುವುದಿಲ್ಲ. ಊಟಕ್ಕೆ ಕೂತರೂ ಇರುತ್ತದೆ, ಮದುವೆಗೆ ಹೋದರೂ ಎಷ್ಟೋ ಜನರ ಕೋಟಿನ ಒಳಗೆ ಇರುತ್ತದೆ. ಸುತ್ತಿಡುವುದಂತೂ ಇಲ್ಲವೇ ಇಲ್ಲ. ದೊಡ್ಡಕ್ಕ ತನ್ನ ಜೀವಮಾನದಲ್ಲಿ ಪಿನ್ನು ಹಾಕಿ ಸುತ್ತಿಟ್ಟ ಮಾಸ್ಟರ ಟೇಪನ್ನು ಒಂದೇ ಸಲ ನೋಡಿದ್ದಳು. ಅದು ಇದೇ ಮೇಜಿನ ಮೇಲಿತ್ತು.

"ಕೇಳಿಲ್ಲಿ. ಎದ್ದೇಳು. ಎದ್ದು ಹೋಗಿ ಅವನ ಪಕ್ಕ ಕೂತ್ಕೋ. ಎದುರಿಗಲ್ಲ, ಪಕ್ಕ… ಕೂತ್ಯಾ? ಕೈ ಹಿಡ್ಕೋ. ಅವನು ಏನಾದ್ರೂ ಅನ್ಕೊಳ್ಲಿ. ನೀರು ಕುಡೀತೀನಿ ಅಂದ್ರೂ ನೀನೂ ಜೊತೆಗೆ ಹೋಗು. ಬಾತ್‌ರೂಮಿಗೆ ಹೋದ್ರೆ ಬಾಗಿಲ ಹತ್ರ ನಿಲ್ಲು, ಚಿಲಕ ಹಾಕೋಕೆ ಬಿಡ್ಬೇಡ. ಮೆಟ್ಟಿಲ ಹತ್ರ ಒಬ್ಬನನ್ನೇ ಬಿಡ್ಬೇಡ… ಯಾಕೆ ಅಂತ ಆಮೇಲೆ ಹೇಳ್ತೀನಿ. ಅಳ್ಬೇಡ. ಈಗ ಅಳೋಕೆ ಟೈಮಿಲ್ಲ…"

"ಬರ್ತಿದೀನಿ. ನಾನೇ ಬರ್ತಿದೀನಿ. ಎರಡು ಸ್ಟಾಪು, ಬಸ್ ಸಿಗದಿದ್ರೆ ಓಡಿ ಬರ್ತೀನಿ. ಒಂದು ಗಂಟೆ ಹೊಡೆಯೋ ಮುಂಚೆ ಇರ್ತೀನಿ ಅಲ್ಲಿ. ಡಾಕ್ಟರ್ ಎದ್ರೆ ಬಾಗಿಲಿಗೆ ಅಡ್ಡ ನಿಲ್ಲು. ಮರ್ಯಾದೆ ನೋಡ್ಬೇಡ. ಅಕ್ಕ ಬರ್ತಿದಾಳೆ, ಅವಳ ಹತ್ರ ಇಪ್ಪತ್ತು ವರ್ಷದ ತಾರೀಖಿದೆ ಅನ್ನು… ಆ ಹಳೇ ಮಾತ್ರೆ ಚೀಟಿ ಸದ್ಯಕ್ಕೆ ತಗೋಬೇಡ. ಅದನ್ನ ಕೊಟ್ಟ ಮೇಲೆ ಮೂರು ವಾರಕ್ಕೆ ಹೇಗೆ ಎದ್ದ, ಎದ್ದವನು ಹೇಗೆ ಓಡಿದ, ಅದನ್ನ ಮೊದ್ಲು ಹೇಳು. ನಾವು ಮಲಗಿದ್ದನ್ನ ಮಾತ್ರ ಹೇಳಿದೀವಿ ಕಣೇ ಅವರಿಗೆ. ಓಡಿದ್ದನ್ನ ಹೇಳೇ ಇಲ್ಲ. ಓಡಿದ್ದು ಒಳ್ಳೇದು ಅಂದ್ಕೊಂಡಿದ್ವಿ…"

ಅವಳು ಆಗಲೇ ರಟ್ಟುಗಳನ್ನು ಕೊಕ್ಕೆಯ ಸಮೇತ ಒಂದು ಗೋಣಿಚೀಲಕ್ಕೆ ತುಂಬಿದ್ದಳು. ತಮ್ಮನದ್ದನ್ನೂ ತುಂಬಿದಳು, ಅಪ್ಪನದ್ದನ್ನೂ ತುಂಬಿದಳು. ಕಾಜಾ ಅಜ್ಜಿ ಎದ್ದು ಬಂದು ಚೀಲದ ಬಾಯಿ ಹಿಡಿದುಕೊಂಡಳು. ಮಿಷಿನ್ನುಗಳು ಒಂದೊಂದಾಗಿ ನಿಂತವು. ದಾದಿಯರ ನೀಲಿ ಬಟ್ಟೆಯ ಮೇಲೆಲ್ಲ ಧೂಳು ಬಿದ್ದಿತ್ತು. ದೊಡ್ಡಕ್ಕ ಅದರ ಕಡೆ ನೋಡದೆ ಬೀದಿಗಿಳಿದಳು.

"ಹಲೋ, ಇದೀಯಾ?… ನಡೀತಿದೀನಿ. ಫೋನ್ ಇಡ್ಬೇಡ. ಚಾರ್ಜ್ ಎಷ್ಟಿದೆ?… ಒಂದು ಪರ್ಸೆಂಟು ಅಂದ್ರೆ ಎಷ್ಟು ಹೊತ್ತು ಬರುತ್ತೆ? ಸರಿ, ಸರಿ. ಅವನ ಕಿವಿ ಹತ್ರ ಹಿಡಿ… ಬೇಡ, ಬೇಡ. ನನ್ನ ದನಿ ಕೇಳಿದ್ರೆ ಇನ್ನೂ ಕುಗ್ಗಿಹೋಗ್ತಾನೆ. ನಿನ್ನೆ ಅವನು ಅಳ್ತಾ ಫೋನ್ ಮಾಡ್ದಾಗ ಮೊದಲ ಮಾತು ಏನಂದೆ ಗೊತ್ತಾ? ಮಹಾರಾಜರಿಗೆ ಇವತ್ತು ಬಿಡುವಾಯ್ತಾ ಅಂದೆ. ಅಪ್ಪನಿಗೂ ಅದನ್ನೇ ಅಂದಿದ್ದೆ. ಮೂರು ತಿಂಗಳು ಮಲಗಿದ್ದು ಅವತ್ತು ಎದ್ರು, ಗಡ್ಡ ತೆಗೆದ್ರು, ಅಂಗಡಿಗೆ ಬಂದ್ರು. ಮಹಾರಾಜರಿಗೆ ಬೆಳಗಾಯ್ತಾ ಅಂದೆ. ನಕ್ಕರು…"

ಬಸ್ಸು ಕಾಣಲಿಲ್ಲ. ಅವಳು ಸ್ಟಾಪಿನಲ್ಲಿ ನಿಲ್ಲದೆ ಮುಂದಕ್ಕೆ ನಡೆದಳು. ರಟ್ಟಿನ ಚೀಲ ಮೊಣಕಾಲಿಗೆ ಬಡಿಯುತ್ತಿತ್ತು.

"ಬರ್ಕೋ. ಪೆನ್ನಿದೆಯಾ? ಇದನ್ನ ಬರ್ಕೋ, ನಾನು ಬರೋದು ತಡವಾದ್ರೆ ನೀನೇ ಹೇಳ್ಬೇಕು. ಮನೇಲಿ ಯಾರಿಗೂ ಇಲ್ಲ ಅಂದೆನಲ್ಲ, ಅದನ್ನ ಹೊಡೆದುಹಾಕು. ಅಪ್ಪನೂ ಹೀಗೇ ಇದ್ರು. ಹೀಗೇ ಓಡ್ತಿದ್ರು, ಹೀಗೇ ಮಲಗ್ತಿದ್ರು… ಹಾಂ, ಬಿದ್ದು ಹೋದ್ರು. ಬಟ್ಟೆ ಒಣಹಾಕೋಕೆ ಹೋಗಿರ್ಲಿಲ್ಲ ಕಣೇ. ಅವತ್ತು ಬಟ್ಟೆ ನೆನೆಸೋ ತೊಟ್ಟಿ ಒಣಗಿತ್ತು. ಯಾವ ಬಟ್ಟೇನೂ ನೆನೆಸಿರ್ಲಿಲ್ಲ. ಟೇಪು ಸುತ್ತಿ ಮೇಜಿನ ಮೇಲಿಟ್ಟು ಬರಿಗೈಲಿ ಹೋದ್ರು. ಜನ ಸೇರೋ ಮುಂಚೆ ನಾನೇ… ಕೇಳಿಸ್ತಿದೆಯಾ?… ನಾನೇ ಒಂದು ಥಾನು ಬಟ್ಟೆ ನೀರಲ್ಲಿ ಅದ್ದಿ ತಗೊಂಡು ಹೋಗಿ ಮಹಡಿ ಹಗ್ಗಕ್ಕೆ ಹಾಕ್ದೆ. ಟೇಪು ಬಿಚ್ಚಿ ಬಚ್ಚಿಟ್ಟೆ. ಅಮ್ಮನಿಗೂ ಹೇಳ್ಲಿಲ್ಲ, ಇವನಿಗೂ ಹೇಳ್ಲಿಲ್ಲ. ಡಾಕ್ಟರಿಗೆ ಹೇಳು, ನಿನ್ನ ಗಂಡ ಸೋಮಾರಿ ಅಲ್ಲ, ಅವನು ಅಪ್ಪನ… ಹಲೋ?… ಹಲೋ? ಕೇಳಿಸ್ತಾ?…"

ಯಾವ ಮಾತಿಗೆ ಲೈನ್ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದಿದ್ದದ್ದನ್ನು ಈಗ ಇನ್ನೊಂದು ಸಲ, ಎದುರಿಗೆ ಕೂತು ಹೇಳಬೇಕು. ಹನ್ನೆರಡು ನಲವತ್ತಾಗಿತ್ತು. ದೊಡ್ಡಕ್ಕ ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡಿದಳು.